ಮೇಲಿನಿಂದ ಕಾಣುವುದು ಮಾಡು ಮಾತ್ರ

ಮಡಿಕೇರಿಯಲ್ಲಿ ಮನೆಗಳ ನಕ್ಷೆ ಬರೆದುಕೊಡುವುದು ನನ್ನ ಕಸುಬು. 2018ರ ಆಗಸ್ಟ್‌ವರೆಗೆ ಬಂದವರು ಕೇಳುತ್ತಿದ್ದುದು ಎರಡೇ ಪ್ರಶ್ನೆ: ಚದರಕ್ಕೆ ಎಷ್ಟು ಬೀಳುತ್ತದೆ, ಬಾಗಿಲು ಯಾವ ದಿಕ್ಕಿಗೆ. ಆ ಮಳೆಗಾಲದಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳೇ ಜಾರಿ ಬಂದವು. ಪಟ್ಟಣದೊಳಗೂ ಇಂದಿರಾನಗರ, ಚಾಮುಂಡೇಶ್ವರಿ ನಗರಗಳಲ್ಲಿ ಮನೆಗಳು ಹೋದವು. ಅಂದಿನಿಂದ ಮೂರನೆಯ ಪ್ರಶ್ನೆ ಮೊದಲನೆಯದಾಯಿತು: "ಈ ಜಾಗ ನಿಲ್ಲುತ್ತದೆಯೇ ಸಾರ್?"

ನಿಲ್ಲುತ್ತದೆ ಎಂದು ಬಾಯಿಮಾತಿನಲ್ಲಿ ಹೇಳಿ ಕಳುಹಿಸಲು ಮನಸ್ಸು ಒಪ್ಪಲಿಲ್ಲ. ಊರಿನಲ್ಲಿ ಎಷ್ಟು ಕಟ್ಟಡಗಳಿವೆ, ಅವು ಎಂಥ ಇಳಿಜಾರಿನಲ್ಲಿ ಕುಳಿತಿವೆ ಎಂದಾದರೂ ತಿಳಿದುಕೊಳ್ಳೋಣ ಎನ್ನಿಸಿತು. ಒಂದು ಕಚೇರಿಗೆ ಮೂರು ಸಲ ಅಲೆದೆ. ಸಿಕ್ಕಿದ್ದು ಬಡಾವಣೆಗಳ ಹೆಸರಿನ ಒಂದು ಹಾಳೆ. ಜನಗಣತಿಯ ಅಂಕಿಅಂಶಗಳು ಮಾತ್ರ ಯಾರನ್ನೂ ಕೇಳದೆ ದೊರೆತವು. 2011ರಲ್ಲಿ ಪಟ್ಟಣದ ಜನಸಂಖ್ಯೆ 33,381. ಮನೆಪಟ್ಟಿಯ ಕೋಷ್ಟಕಗಳಲ್ಲಿ ಮಾಡು ಹೆಂಚಿನದೋ, ತಗಡಿನದೋ, ಕಾಂಕ್ರೀಟಿನದೋ ಎಂಬ ವಿವರವೂ ಇದೆ. ಆದರೆ ಅದು ಮೊತ್ತ ಹೇಳುತ್ತದೆ, ಜಾಗ ತೋರಿಸುವುದಿಲ್ಲ.

ಜಾಗ ತೋರಿಸುವ ದತ್ತಾಂಶ ಇದೆ ಎಂದು ಹೇಳಿದವನು ಬೆಂಗಳೂರಿನಲ್ಲಿರುವ ಅಕ್ಕನ ಮಗ. ಗೂಗಲ್‌ನ ಓಪನ್ ಬಿಲ್ಡಿಂಗ್ಸ್ ಎಂಬುದು ಉಪಗ್ರಹ ಚಿತ್ರಗಳನ್ನು ಯಂತ್ರಕ್ಕೆ ಓದಿಸಿ ಕಟ್ಟಡಗಳ ಅಂಚು ಎಳೆಸಿದ ಸಂಗ್ರಹ. 2021ರಲ್ಲಿ ಆಫ್ರಿಕಾದಿಂದ ಆರಂಭವಾಗಿ ಮರುವರ್ಷ ದಕ್ಷಿಣ ಏಷ್ಯಾಕ್ಕೂ ಬಂತು. 2023ರ ಆವೃತ್ತಿಯಲ್ಲಿ 180 ಕೋಟಿ ಕಟ್ಟಡಗಳಿವೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಮೂಲವನ್ನು ಹೇಳಿದರೆ ಸಾಕು. ನಾನು ಇಳಿಸಿಕೊಂಡೆ. ಕೊಡಗಿಗೆ ಮಾತ್ರ ಬೇರೆ ಕಡತ ಇಲ್ಲ. ದಕ್ಷಿಣ ಭಾರತದ ದೊಡ್ಡದೊಂದು ಭಾಗವೇ ಒಂದು ತುಣುಕು. ಎಕ್ಸೆಲ್‌ನಲ್ಲಿ ತೆರೆದು ಹುಡುಕಿದರೆ ಮಡಿಕೇರಿಯೇ ಇಲ್ಲ! ಎರಡು ದಿನ ಬೈದುಕೊಂಡ ಮೇಲೆ ತಿಳಿಯಿತು, ಎಕ್ಸೆಲ್ ಹಾಳೆಯಲ್ಲಿ ಹಿಡಿಯುವುದು 10,48,576 ಸಾಲು ಮಾತ್ರ, ಉಳಿದದ್ದನ್ನು ಅದು ಬಿಟ್ಟೇ ಬಿಟ್ಟಿತ್ತು. ಅಕ್ಕನ ಮಗ ಬರೆದುಕೊಟ್ಟ ಹತ್ತು ಸಾಲಿನ ಪ್ರೋಗ್ರಾಂ ಅಕ್ಷಾಂಶ ರೇಖಾಂಶ ನೋಡಿ ನಮ್ಮ ಊರನ್ನಷ್ಟೇ ಕತ್ತರಿಸಿ ಕೊಟ್ಟಿತು. ಅದನ್ನು ಕ್ಯೂಜಿಐಎಸ್ ಎಂಬ ಉಚಿತ ನಕ್ಷೆ ತಂತ್ರಾಂಶದಲ್ಲಿ ತೆರೆದೆ. ಅಕ್ಷಾಂಶದಲ್ಲಿ ಉದ್ದ ಅಗಲ ಅಳೆಯಲಾಗುವುದಿಲ್ಲವಾದ್ದರಿಂದ ಮೀಟರಿನಲ್ಲಿ ಅಳೆಯುವ ಯುಟಿಎಂ ಪದ್ಧತಿಗೆ, ಅದರಲ್ಲಿ ನಮ್ಮ ಪ್ರದೇಶಕ್ಕೆ ಹೊಂದುವ 43 ಉತ್ತರ ವಲಯಕ್ಕೆ ಬದಲಿಸಿಕೊಂಡೆ. ಪರದೆಯ ಮೇಲೆ ಊರಿಗೆ ಊರೇ ಎದ್ದು ನಿಂತಿತು. ಆ ಸಂಜೆಯ ಸಂತೋಷವನ್ನು ಸುಳ್ಳು ಎನ್ನಲಾರೆ.

ಮರುದಿನದಿಂದ ಅನುಮಾನ ಶುರುವಾಯಿತು. ಪಟ್ಟಣದಾಚೆಯ ತೋಟಗಳಲ್ಲಿ ನಾನೇ ಕಂಡಿದ್ದ, ಕಾಫಿ ಒಣಗಿಸುವ ಕಣಗಳು ಕಟ್ಟಡಗಳಾಗಿ ಕುಳಿತಿದ್ದವು. ಚೌಕಾಕಾರ, ನೇರ ಅಂಚು, ಕಾಂಕ್ರೀಟಿನ ಮೈ, ಯಂತ್ರದ ತಪ್ಪೇನಿಲ್ಲ. ಇತ್ತ ನೂರಾರು ವರ್ಷದ ಐನ್‌ಮನೆಯೊಂದು, ಅಂದರೆ ಕೊಡವ ಕುಟುಂಬದ ಮೂಲಮನೆ, ಹಲಸಿನ ಮರಗಳ ಕೆಳಗೆ ಕಪ್ಪಾದ ಹೆಂಚು ಹೊದ್ದುಕೊಂಡು ಕಾಣದಂತಾಗಿತ್ತು. ಪ್ರತಿ ಕಟ್ಟಡಕ್ಕೂ ಯಂತ್ರ ತನ್ನ ಭರವಸೆಯನ್ನು ಒಂದಕ್ಕೆ ಇಷ್ಟು ಎಂದು ಅಂಕಿಯಲ್ಲಿ ಹೇಳುತ್ತದೆ, 0.65ಕ್ಕಿಂತ ಕಡಿಮೆಯದನ್ನು ಪಟ್ಟಿಗೇ ಸೇರಿಸಿಲ್ಲ. ನಾನು 0.75ರ ಮೇಲಿನವನ್ನಷ್ಟೇ ಇಟ್ಟುಕೊಂಡೆ. ಕಣಗಳು ಕಡಿಮೆಯಾದವು, ಜೊತೆಗೆ ಸಿಲ್ವರ್ ಓಕ್ ನೆರಳಿನ ಚಿಕ್ಕ ಮನೆಗಳೂ ಹೋದವು. ಬಡವರ ಮನೆಗಳೇ ಮೊದಲು ಅಳಿಸಿಹೋಗುವುದನ್ನು ನೋಡಿ ಮತ್ತೆ ಎಲ್ಲವನ್ನೂ ಹಿಂದಕ್ಕೆ ತಂದು ಕಣ್ಣಿನಿಂದಲೇ ಒಂದೊಂದಾಗಿ ಆರಿಸಿದೆ.

ಲೈನ್ ಮನೆಗಳದು ಬೇರೆಯೇ ತಕರಾರು. ತೋಟದ ಕಾರ್ಮಿಕರ ಒಂದು ಲೈನಿನಲ್ಲಿ ಎಂಟೋ ಹತ್ತೋ ಬಾಗಿಲು, ಅಷ್ಟೇ ಸಂಸಾರ. ದತ್ತಾಂಶಕ್ಕೆ ಅದು ಒಂದೇ ಉದ್ದನೆಯ ಕಟ್ಟಡ. ಜನಗಣತಿಯು ಬೇರೆ ಬಾಗಿಲಿದ್ದರೆ ಬೇರೆ ಮನೆ ಎಂದು ಎಣಿಸುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟು ಹೋಲಿಸುವವರು ಇದನ್ನು ಮರೆತರೆ ಲೆಕ್ಕ ಎಲ್ಲಿಗೋ ಹೋಗುತ್ತದೆ.

ವಿಸ್ತೀರ್ಣವನ್ನೂ ನಂಬಿದ್ದೆ, ಚದರಕ್ಕೆ ಇಳಿಸಿ ನೋಡುವವರೆಗೆ. ನಮ್ಮ ಮಳೆಗೆ ಆರ್‌ಸಿಸಿ ತಾರಸಿ ಸೋರದೆ ಇರುವುದು ಅಪರೂಪ. ಎಲ್ಲರೂ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹೊದಿಸುತ್ತಾರೆ, ಗೋಡೆ ನೆನೆಯದಿರಲೆಂದು ಸುತ್ತ ಮೂರು ಅಡಿ ಚಾಚುತ್ತಾರೆ. 25 ಅಡಿಗೆ 30 ಅಡಿಯ ಮನೆ 750 ಚದರಡಿ. ಮಾಡು 31ಕ್ಕೆ 36, ಅಂದರೆ 1,116. ಮೇಲಿನಿಂದ ಅಳೆದವರಿಗೆ ಮನೆ ಹೆಚ್ಚುಕಡಿಮೆ ಒಂದೂವರೆ ಪಟ್ಟು ಬೆಳೆದಿರುತ್ತದೆ. ಬಯಲುಸೀಮೆಯ ಊರುಗಳಲ್ಲಿ ಈ ದತ್ತಾಂಶ ಬಳಸಿದವರ ಲೆಕ್ಕವನ್ನು ಇಲ್ಲಿಗೆ ಹಾಗೆಯೇ ಹೊತ್ತು ತರಬಾರದು.

ಗುಡ್ಡದ ಊರಿನಲ್ಲಿ ಕಟ್ಟಡಗಳು ಜಾಗ ಬಿಟ್ಟು ಸರಿದು ಕೂರುವುದೂ ಉಂಟು. ಉಪಗ್ರಹ ನೆತ್ತಿಯ ಮೇಲೆ ನಿಂತು ಚಿತ್ರ ತೆಗೆಯುವುದಿಲ್ಲ, ಓರೆಯಾಗಿ ತೆಗೆಯುತ್ತದೆ. 25 ಡಿಗ್ರಿ ಓರೆಯಿದ್ದು, ಚಿತ್ರವನ್ನು ಸರಿಪಡಿಸಲು ಬಳಸಿದ ಎತ್ತರದಲ್ಲಿ 20 ಮೀಟರ್ ತಪ್ಪಿದ್ದರೆ ನೆಲದ ಮೇಲೆ ಸುಮಾರು 9 ಮೀಟರ್ ಜರುಗುತ್ತದೆ, ಅಂದರೆ ಪಕ್ಕದ ಮನೆಯ ಅಂಗಳಕ್ಕೆ. ಪರೀಕ್ಷಿಸಲು ನನಗೆ ಒದಗಿದ್ದು ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ ಓಂಕಾರೇಶ್ವರ ದೇವಸ್ಥಾನ. ಕೊಳದ ನಡುವಿನ ಪುಟ್ಟ ಮಂಟಪ ಎಲ್ಲಿಗೂ ಓಡಿಹೋಗುವುದಿಲ್ಲ. ಅದರ ಅಂಚು ನೀರಿಗೆ ಜಾರಿದ್ದರೆ ಚಿತ್ರ ಎಷ್ಟು ಸರಿದಿದೆಯೆಂದು ಅಲ್ಲೇ ಗೊತ್ತಾಗುತ್ತದೆ. ಕೋಟೆಯೊಳಗಿನ ಅರಮನೆಯನ್ನೂ ಇದೇ ಕೆಲಸಕ್ಕೆ ಬಳಸಿಕೊಂಡೆ. ಒಂದೇ ಊರಿನ ಎರಡು ಮೂಲೆಗಳಲ್ಲಿ ಸರಿದ ಅಳತೆ ಬೇರೆ ಬೇರೆ ಇದ್ದುದರಿಂದ ಇಡೀ ಪದರವನ್ನು ಒಟ್ಟಿಗೆ ಎಳೆದು ಕೂರಿಸುವ ಆಸೆ ಬಿಟ್ಟೆ.

ಗೂಗಲ್‌ನದೇ ಕಾಲಕ್ರಮದ ಸಂಗ್ರಹವೂ ಒಂದಿದೆ: 2016ರಿಂದ 2023ರವರೆಗೆ ವರ್ಷಕ್ಕೊಂದು ಪದರ, ಸೆಂಟಿನೆಲ್-2 ಉಪಗ್ರಹದ ಚಿತ್ರಗಳಿಂದ ಮಾಡಿದ್ದು. ಅದನ್ನು ನಂಬಬಹುದೇ ಎಂದು ನೋಡಲು ಜಂಬೂರಿಗೆ ಹೋದೆ, ಪರದೆಯ ಮೇಲೆಯೇ. 2018ರ ಸಂತ್ರಸ್ತರಿಗೆ ಅಲ್ಲಿ ಕಟ್ಟಿದ ಮನೆಗಳ ಕೀಲಿಕೈ ಕೊಟ್ಟದ್ದು 2020ರಲ್ಲಿ. ಮೊದಲ ವರ್ಷಗಳಲ್ಲಿ ಏನೂ ಇರದ ಜಾಗದಲ್ಲಿ ಆಮೇಲೆ ಸಾಲು ಸಾಲಾಗಿ ಮಸುಕು ಚುಕ್ಕೆಗಳು ಮೂಡಿದವು. ಬಿಡಿ ಮನೆ ಎಣಿಸುವಷ್ಟು ಸ್ಪಷ್ಟವಲ್ಲ, ಬಡಾವಣೆ ಎದ್ದಿತೆಂದು ಹೇಳುವಷ್ಟು ಹೌದು.

ಇನ್ನು ಇಳಿಜಾರು. 30 ಮೀಟರಿನ ಉಚಿತ ಎತ್ತರದ ನಕ್ಷೆಯಿಂದ ಇಳಿಜಾರು ಲೆಕ್ಕ ಹಾಕಿ ಪ್ರತಿ ಕಟ್ಟಡಕ್ಕೂ ಅಂಟಿಸಿದೆ. ಕೆಂಪು, ಹಳದಿ, ಹಸಿರು. ನೋಡಲು ಬಹಳ ಚೆನ್ನಾಗಿತ್ತು, ಅದೇ ಅದರ ಅಪಾಯ. 30 ಮೀಟರಿನ ಒಂದು ಚೌಕ ಎಂದರೆ 900 ಚದರ ಮೀಟರ್, 30-40ರ ಎಂಟು ನಿವೇಶನ. ಎಂಟು ಮನೆಗೆ ಒಂದೇ ಇಳಿಜಾರು! ತೋಟದ ಕಡೆ ಆ ಎತ್ತರವೂ ನೆಲದ್ದಲ್ಲ, ಬಹುಪಾಲು ಮರದ ತುದಿಯದ್ದು.

ಹಾಗಾಗಿ ನಕ್ಷೆ ಮುದ್ರಿಸಿಕೊಂಡು ಕೆಂಪು ಇದ್ದ ಕಡೆ ನಡೆದೆ. ರಸ್ತೆಯ ಮಟ್ಟಕ್ಕೆ ಒಂದೇ ಅಂತಸ್ತು ಕಾಣುವ ಮನೆಯೊಂದರ ಮುಂದೆ ನಿಂತು ಬರೆದುಕೊಳ್ಳುತ್ತಿದ್ದಾಗ ಒಳಗಿನಿಂದ ಬಂದ ಹೆಂಗಸು ಕೇಳಿದರು, "ಏನು ಸಾರ್, ಅಳತೆಯೇ?"

"ಇಲ್ಲ ಅಕ್ಕ, ಅಂತಸ್ತು ಎಣಿಸುತ್ತಿದ್ದೇನೆ."

"ಹಾಗಾದರೆ ಕೆಳಗಿನಿಂದ ಎಣಿಸಿ. ಬಾಡಿಗೆಯವರೆಲ್ಲ ಕೆಳಗೇ ಇರುವುದು."

ಪಕ್ಕದ ಮೆಟ್ಟಿಲಿಳಿದು ಹೋದೆ. ಕೆಳಗೆ ಇನ್ನೂ ಎರಡು ಅಂತಸ್ತು, ಎತ್ತರದ ಕಂಬಗಳು, ಮೂರು ಅಡುಗೆಮನೆ. ಹಿಂಬದಿಗೆ ಬರೆ. ಮನೆಗೆ ಜಾಗ ಮಾಡಲು ಗುಡ್ಡವನ್ನು ನೆಟ್ಟಗೆ ಕಡಿದಾಗ ಹಿಂದೆ ಉಳಿಯುವ ಮಣ್ಣಿನ ಗೋಡೆಗೆ ನಮ್ಮಲ್ಲಿ ಬರೆ ಎನ್ನುತ್ತಾರೆ. ಮಳೆಗಾಲದ ಪತ್ರಿಕೆಗಳಲ್ಲಿ ದಿನವೂ ಓದುವುದು ಅದನ್ನೇ, ಬರೆ ಕುಸಿದು ಮನೆಗೆ ಹಾನಿ. ನನ್ನ ಲ್ಯಾಪ್‌ಟಾಪಿನಲ್ಲಿದ್ದ ಯಾವ ಪದರದಲ್ಲೂ ಬರೆ ಇರಲಿಲ್ಲ, ಇರುವುದು ಸಾಧ್ಯವೂ ಇಲ್ಲ; ನಾಲ್ಕು ಮೀಟರಿನ ಬರೆ 30 ಮೀಟರಿನ ಚೌಕದೊಳಗೆ ಕರಗಿಹೋಗುತ್ತದೆ. ಅಂದೇ ಪಟ್ಟಿಗೆ ಹೊಸ ಅಂಕಣಗಳನ್ನು ಸೇರಿಸಿದೆ: ಬರೆಯ ಎತ್ತರ, ಗೋಡೆಯಿಂದ ದೂರ, ತಡೆಗೋಡೆ ಇದೆಯೇ, ಅದರಲ್ಲಿ ನೀರು ಬಸಿಯುವ ತೂತುಗಳಿವೆಯೇ, ಮೇಲಿನ ಮನೆಯ ಬಚ್ಚಲು ನೀರು ಎಲ್ಲಿಗೆ ಹೋಗುತ್ತದೆ. ಕೊನೆಯದನ್ನು ಕೇಳಿದಾಗ ಎರಡು ಮನೆಯವರ ಹಳೆಯ ಜಗಳ ನನ್ನೆದುರೇ ಮತ್ತೆ ಎದ್ದಿತು. ಜಗಳದಿಂದ ಸಿಕ್ಕಿದಷ್ಟು ಮಾಹಿತಿ ಪ್ರಶ್ನಾವಳಿಯಿಂದ ಸಿಗಲಿಲ್ಲ.

ಕಟ್ಟಡದ ಅಂಚು, ಅಂತಸ್ತು, ಮಾಡಿನ ಬಗೆ ಇವನ್ನು ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆಗೆ ಸೇರಿಸುತ್ತಾ ಬಂದಿದ್ದೇನೆ; ಅಂತಸ್ತನ್ನು ಕೆಳಗಿನಿಂದಲೇ ಎಣಿಸಿದ್ದೇನೆ. ಬರೆಯ ಅಂಕಣಗಳನ್ನು ಸೇರಿಸಿಲ್ಲ. ಮಗಳ ಮದುವೆಗೆ ಮನೆ ಮಾರಲು ಹೊರಟವರೊಬ್ಬರು "ನಮ್ಮ ಮನೆಗೆ ಕೆಂಪು ಬಣ್ಣ ಹಾಕಿದ್ದೀರಂತೆ" ಎಂದು ಬಂದು ಕುಳಿತಿದ್ದರು. ಮುಕ್ತ ದತ್ತಾಂಶದಿಂದ ಇಷ್ಟು ಉಂಡವನು ಬಾಗಿಲು ಹಾಕಿಕೊಳ್ಳುವುದು ಸರಿಯೇ ಎಂಬ ಪ್ರಶ್ನೆ ನನಗೂ ಇದೆ. ಆದರೂ ಆ ವಿವರವನ್ನು ಆಯಾ ಮನೆಯವರಿಗೆ ಮಾತ್ರ, ಕಾಗದದಲ್ಲಿ ಬರೆದು ಕೊಡುತ್ತೇನೆ.

ಪಟ್ಟಿ ಮುಗಿಯುತ್ತಾ ಬಂದಾಗ ನನ್ನ ಮನೆಯನ್ನೇ ನೋಡಿರಲಿಲ್ಲವೆಂದು ನೆನಪಾಯಿತು. ನಕ್ಷೆಯಲ್ಲಿ ಅದು ಹಸಿರು. ಟೇಪು ಹಿಡಿದು ಹಿತ್ತಲಿಗೆ ಹೋದೆ. ಕಾರು ನಿಲ್ಲಿಸಲೆಂದು ನಾನೇ ನಿಂತು ಕಡಿಸಿದ ಬರೆ, ಮೂರೂವರೆ ಮೀಟರ್. ಅದಕ್ಕೆ ನಾನೇ ಕಟ್ಟಿಸಿದ ಕಲ್ಲಿನ ತಡೆಗೋಡೆ, ಬಸಿಯುವ ತೂತು ಒಂದೂ ಇಲ್ಲ. ಹೆಂಡತಿ ಕಿಟಕಿಯಿಂದ ನೋಡುತ್ತಿದ್ದಳು, ಏನೂ ಹೇಳಲಿಲ್ಲ. ಮಾರ್ಚ್‌ನಲ್ಲಿ ಮೇಸ್ತ್ರಿಯನ್ನು ಕರೆಸಿ ಗೋಡೆ ಕೊರೆಸಿ ಪೈಪು ಹಾಕಿಸಿದೆ. ಜೂನ್‌ನ ಮೊದಲ ಜಡಿಮಳೆಗೆ ಅವುಗಳಿಂದ ಕೆಂಪು ನೀರು ಬಂತು, ನಾಲ್ಕು ದಿನದ ಮೇಲೆ ತಿಳಿಯಾಯಿತು.