ಮೂರೇ ದಿನಕ್ಕೆ ಹಾಳೆ ಎತ್ತಿದ ತಪ್ಪು

ಯಶವಂತಪುರದ ಎಪಿಎಂಸಿ ಯಾರ್ಡಿನ ಸುತ್ತಲಿನ ಗೋದಾಮುಗಳಲ್ಲಿ ಹುಳ ಕೊಲ್ಲಲು ಧಾನ್ಯಕ್ಕೆ ಹೊಗೆ ಹಾಕುವುದು ನನ್ನ ಕಸುಬು. ಹೊಗೆ ಎನ್ನುವುದು ರೂಢಿಯ ಮಾತು, ಕಣ್ಣಿಗೆ ಕಾಣುವುದು ಏನೂ ಇಲ್ಲ. ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಗಾಳಿಯ ತೇವ ಹೀರಿ ಫಾಸ್ಫೀನ್ ಅನಿಲ ಬಿಡುತ್ತದೆ. 3 ಗ್ರಾಂ ಮಾತ್ರೆಗೆ ಸುಮಾರು 1 ಗ್ರಾಂ ಅನಿಲ. ಮೂಗಿಗೆ ಬಡಿಯುವ ಬೆಳ್ಳುಳ್ಳಿ ವಾಸನೆ ಅದರೊಳಗಿನ ಕಲ್ಮಶಗಳದು. ಶುದ್ಧ ಫಾಸ್ಫೀನ್‌ಗೆ ವಾಸನೆಯೇ ಇಲ್ಲ. ಅದಕ್ಕೇ ನಾನು ಮೂಗನ್ನು ನಂಬುವುದಿಲ್ಲ. ಅನಿಲ ಅಳೆಯುವ ಮೀಟರ್ 0.3 ಪಿಪಿಎಂಗಿಂತ, ಅಂದರೆ ಗಾಳಿಯ ಹತ್ತು ಲಕ್ಷ ಭಾಗಕ್ಕೆ 0.3 ಭಾಗಕ್ಕಿಂತ, ಕೆಳಗಿಳಿಯುವವರೆಗೆ ಹಮಾಲಿಗಳನ್ನು ಒಳಗೆ ಬಿಡುವುದಿಲ್ಲ.

ಒಂದು ಡಿಸೆಂಬರಿನಲ್ಲಿ ಜೋಳದ ಮೂಟೆಗಳಿಗೆ ಮೂತಿಹುಳ ಬಿದ್ದಿತ್ತು. ಅನಿಲ ಸೋರದಂತೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಮರಳಿನ ಚೀಲ ಒತ್ತಿ, ಎಂಟು ದಿನ ಮುಟ್ಟಬೇಡಿ ಎಂದಿದ್ದೆ. ಬೆಂಗಳೂರಿನ ಚಳಿಯಲ್ಲಿ ಹುಳದ ಉಸಿರಾಟವೇ ನಿಧಾನ. ಉಸಿರಾಡದಿದ್ದರೆ ವಿಷ ಒಳಹೋಗುವುದಾದರೂ ಹೇಗೆ? ಮೂರನೆಯ ದಿನ ಸಾಹುಕಾರರು, "ಲಾರಿ ಬಂದು ನಿಂತಿದೆ, ಇಷ್ಟು ಸಾಕಲ್ಲವೇನಪ್ಪಾ?" ಎಂದರು. ಬಾಡಿಗೆಯ ಲೆಕ್ಕ ಕೇಳಿ ನಾನೂ ಮೆತ್ತಗಾದೆ.

ಗಾಳಿ ಹೋಗಲು ಬಿಟ್ಟು, ಮೀಟರ್ ಹಿಡಿದು ನೋಡಿ, ಹಾಳೆ ಎತ್ತಿದೆವು. ಸತ್ತ ಹುಳ ಬೊಗಸೆಗಟ್ಟಲೆ ಸಿಕ್ಕಿತು. ಅವರು ಕೈಕುಲುಕಿದರು. ತಿಂಗಳಾದ ಮೇಲೆ ಉಳಿದ ಮೂಟೆಗಳಲ್ಲಿ ಮತ್ತೆ ಹುಳ. ಸತ್ತದ್ದು ದೊಡ್ಡವು ಮಾತ್ರ. ಕಾಳಿನೊಳಗಿನ ಮೊಟ್ಟೆ, ಇನ್ನೂ ಹುಳವಾಗಿ ಹೊರಬರದ ಕೋಶಗಳು (ಪ್ಯೂಪಾ) ಉಳಿದಿದ್ದವು. ಅವುಗಳಿಗೆ ಮದ್ದಿನ ಪ್ರಮಾಣ ಹೆಚ್ಚಿಸುವುದಕ್ಕಿಂತ ದಿನ ಹೆಚ್ಚಿಸುವುದೇ ಮುಖ್ಯ. ಇಂಥ ಅರೆಬರೆ ಕೆಲಸದಿಂದಲೇ ಹುಳಗಳು ಫಾಸ್ಫೀನ್‌ಗೆ ಒಗ್ಗಿಕೊಳ್ಳುತ್ತಿವೆ.

ಮೂಲೆಯಲ್ಲಿದ್ದ ಎಲೆಕ್ಟ್ರಾನಿಕ್ ತಕ್ಕಡಿಯೂ ಕೆಟ್ಟಿತ್ತು. ಈ ಅನಿಲ ತಾಮ್ರವನ್ನು ತಿನ್ನುತ್ತದೆ. ಅದನ್ನು ಹೊರಗಿಡಿಸಲು ಮರೆತದ್ದು ನಾನು, ದುಡ್ಡು ಕೊಟ್ಟವನೂ ನಾನೇ.

"ಹಿಂದೆ ಒಂದೇ ದಿನದಲ್ಲಿ ಮುಗಿಯುವ ಗ್ಯಾಸ್ ಇತ್ತಂತಲ್ಲ?" ಎಂದು ಸಾಹುಕಾರರು ಕೇಳಿದರು. ಅದು ಮೀಥೈಲ್ ಬ್ರೋಮೈಡ್. ಓಝೋನ್ ಪದರವನ್ನು ಹಾಳುಮಾಡುತ್ತದೆಂದು ಮಾಂಟ್ರಿಯಲ್ ಒಪ್ಪಂದದಡಿ ಅದನ್ನು ಕೈಬಿಡಲಾಯಿತು. ಈಗ ಬಳಸುವುದು ಮುಖ್ಯವಾಗಿ ಆಮದು ರಫ್ತು ಸರಕಿನ ಕ್ವಾರಂಟೈನ್‌ಗೆ.

ಎರಡನೆಯ ಸಲ ಕದಕ್ಕೆ ಅಪಾಯದ ಚೀಟಿ ಅಂಟಿಸಿ, ಬೀಗದ ಕೈಯನ್ನು ನನ್ನ ಜೇಬಿಗೇ ಹಾಕಿಕೊಂಡೆ. ಐದನೆಯ ದಿನ ಮತ್ತೆ ಲಾರಿ ಬಂತು, ಖಾಲಿ ಹೋಯಿತು.