ಕಂಬ ಸರಿಸಿ ದೇವರನ್ನು ತೋರಿಸಿದ ನಾಣ್ಯಗಳು

ನಾನು ಹಳೆ ನಾಣ್ಯ ಸೇರಿಸುತ್ತೇನೆ ಅಂತ ಗೊತ್ತಾದರೆ ಸಾಕು, ಹಾಸನದವರು ಕೇಳುವುದು ಒಂದೇ: ‘ಬೇಲೂರು ದೇವಸ್ಥಾನ ಇರೋ ಹೊಯ್ಸಳರ ನಾಣ್ಯ ಇದೆಯಾ?’ ಅಂಥದ್ದನ್ನು ನಾನು ಎಲ್ಲೂ ನೋಡಿಲ್ಲ. ವಿಷ್ಣುವರ್ಧನನ ಚಿನ್ನದ ನಾಣ್ಯದಲ್ಲಿ ಒಂದು ಕಡೆ ಸಿಂಹ, ಇನ್ನೊಂದು ಕಡೆ ಕನ್ನಡದಲ್ಲಿ ‘ಶ್ರೀ ತಲಕಾಡುಗೊಂಡ’. 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿಸಿದ ದೊರೆ ನಾಣ್ಯದ ಮೇಲೆ ಹಾಕಿಸಿದ್ದು ಗೆದ್ದ ಊರಿನ ಹೆಸರು. ಗುಡಿ ಬೇಕಾದರೆ ಬೇರೆ ಕಡೆ ಹುಡುಕಬೇಕು.

ನಾನು ಹುಡುಕಲು ಹೊರಟು ಮೊದಲು ಮೋಸ ಹೋದೆ. ಸಂತೆಯೊಂದರಲ್ಲಿ 1,800 ರೂಪಾಯಿ ಕೊಟ್ಟು ರಾಮ, ಸೀತೆ, ಹನುಮಂತ ಇರುವ ತಾಮ್ರದ ಬಿಲ್ಲೆ ತಂದೆ. ಹಿಂದೆ ‘ಈಸ್ಟ್ ಇಂಡಿಯಾ ಕಂಪನಿ 1818’ ಅಂತಿತ್ತು. ಕಂಪನಿ ಅಂಥ ನಾಣ್ಯ ಹೊಡೆಸಲೇ ಇಲ್ಲ. ದೇವರ ಮನೆಯಲ್ಲಿ ಇಟ್ಟುಕೊಳ್ಳಿ, ತಪ್ಪಿಲ್ಲ. ಹಳೆ ನಾಣ್ಯ ಅಂತ ದುಡ್ಡು ಮಾತ್ರ ಸುರಿಯಬೇಡಿ.

ಕಂಪನಿ ನಿಜವಾಗಿ ಹೊಡೆಸಿದ ಗುಡಿಯ ನಾಣ್ಯ ಬೇರೆ ಇದೆ. 1807–08ರ ಹೊತ್ತಿಗೆ ಮದರಾಸಿನಲ್ಲಿ ಬಂದ ಬೆಳ್ಳಿಯ ಕಾಲು ವರಹ. ಬೆಂಗಳೂರಿನ ನಾಣ್ಯ ಮೇಳವೊಂದರಲ್ಲಿ ಒಂದು ಸಿಕ್ಕಿತು. ಊರಿಗೆ ಬಂದವನೇ ಅಕ್ಕಸಾಲಿಗರ ತಕ್ಕಡಿಯಲ್ಲಿ ಇಟ್ಟೆ. ಹತ್ತೂವರೆ ಗ್ರಾಂ ಹತ್ತಿರ, ಸರಿಯಾದ ತೂಕ. ಒಂದು ಮುಖದಲ್ಲಿ ಅಂತಸ್ತು ಅಂತಸ್ತಾಗಿ ಎದ್ದ ಗೋಪುರ, ಎರಡೂ ಪಕ್ಕ ನಕ್ಷತ್ರಗಳು, ಸುತ್ತ ಇಂಗ್ಲಿಷ್ ಮತ್ತು ಪಾರ್ಸಿ ಅಕ್ಷರ. ತಿರುಗಿಸಿದರೆ ಕಮಲದಿಂದ ಮೇಲೇಳುವ ವಿಷ್ಣು, ಸುತ್ತ ತಮಿಳು, ತೆಲುಗು. ಗೋಪುರ ದಾಟಿ ಒಳಗೆ ಹೋಗಿ ದೇವರನ್ನು ಕಂಡ ಹಾಗೆ. ಎಷ್ಟು ಸಲ ತಿರುಗಿಸಿ ನೋಡಿದ್ದೇನೋ ಲೆಕ್ಕವಿಲ್ಲ.

ರೋಮನ್ನರ ಕಾಲದ ಅಚ್ಚುಗಾರರು ಗುಡಿ, ದೇವರು ಎರಡನ್ನೂ ಒಂದೇ ಮುಖದಲ್ಲಿ ತೋರಿಸಿದರು. ಇದು ಗೊತ್ತಾದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಈಗಿನ ತುರ್ಕಿಯಲ್ಲಿದ್ದ ಎಫೆಸಸ್ ಊರಿನ ಆರ್ಟೆಮಿಸ್ ದೇವಿಯ ಗುಡಿಗೆ 127 ಕಂಬ ಇದ್ದವು ಎಂದು ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಕ್ಲಾಡಿಯಸ್ ಚಕ್ರವರ್ತಿಯ ಬೆಳ್ಳಿ ನಾಣ್ಯದಲ್ಲಿ ಇರುವುದು ನಾಲ್ಕೇ ಕಂಬ! ನಡುವಿನವನ್ನು ಪಕ್ಕಕ್ಕೆ ಸರಿಸಿ, ಆ ಜಾಗದಲ್ಲಿ ದೇವಿಯನ್ನು ನಿಲ್ಲಿಸಿದ್ದಾರೆ. ಬೇಲೂರಿನ ನವರಂಗದಲ್ಲಿ ಜನ ಜಾಸ್ತಿ ಇದ್ದ ದಿನ ಕಂಬದ ಮರೆಯಿಂದ ಕತ್ತು ಚಾಚಿ ದರ್ಶನ ಮಾಡಿದವರಿಗೆ ಆ ಅಚ್ಚುಗಾರನ ಮನಸ್ಸು ಅರ್ಥವಾಗುತ್ತದೆ, ಅಲ್ವಾ? ಹಾಗಾಗಿ ಗುಡಿಯ ನಾಣ್ಯ ನೋಡಿ ಕಂಬ ಎಣಿಸಿ ನಕ್ಷೆ ಬರೆಯಲು ಹೋಗಬೇಡಿ.

ತೊಳೆಯುವ ವಿಷಯ ಹೇಳಲೇಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ, ಸಿಂಹ ಮತ್ತು ‘ಶ್ರೀ ಚಾಮುಂಡಿ’ ಇರುವ ತಾಮ್ರದ ಕಾಸನ್ನು ದೇವರ ಪಾತ್ರೆಯಂತೆ ಹುಣಸೆಹಣ್ಣು ಹಚ್ಚಿ ಉಜ್ಜಿಬಿಟ್ಟೆ. ಹೊಳೆಯಿತು, ಆದರೆ ಹಳೆ ಬಣ್ಣವೆಲ್ಲ ಹೋಯಿತು. ಅಕ್ಷರವೂ ಸವೆಯಿತು. ಈಗಲೂ ನೋಡಿದರೆ ಹೊಟ್ಟೆ ಉರಿಯುತ್ತದೆ. ಈಗ ಮಣ್ಣು ಜಾಸ್ತಿ ಇದ್ದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಸಿ ಆರಲು ಬಿಡುತ್ತೇನೆ, ಅಷ್ಟೇ. ಮಳೆಗಾಲದಲ್ಲಿ ಡಬ್ಬಿಯೊಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ. ಹೊಲ ಉಳುವಾಗ ಸಿಕ್ಕಿತು ಅಂತ ಯಾರಾದರೂ ತಂದರೆ ಕೊಳ್ಳುವುದಿಲ್ಲ. ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು ಅಂತ ಕಾನೂನೇ ಇದೆ.

ನನ್ನಲ್ಲಿರುವ ಒಂದೇ ಒಂದು ರೋಮನ್ ಕಾಲದ ಗುಡಿ ನಾಣ್ಯ ಸೈಪ್ರಸ್‌ನದು. ಸವೆದ ಕಂಚು. ಅಲ್ಲಿನ ಪಾಫೋಸ್ ಊರಿನ, ಗ್ರೀಕರ ದೇವತೆ ಆಫ್ರೊಡೈಟಿಯ ಗುಡಿ ಅದು, ಮುಂದೆ ಅರ್ಧಚಂದ್ರದಂಥ ಅಂಗಳ. ಕಂಬಗಳ ನಡುವೆ ಕೈಕಾಲಿಲ್ಲ, ಮುಖವಿಲ್ಲ. ಮೇಲೆ ಸಣ್ಣಗಾದ ಒಂದು ಕಲ್ಲು ಮಾತ್ರ. ಅಮ್ಮನ ಕೈಗೆ ಭೂತಗನ್ನಡಿ ಕೊಟ್ಟೆ.

‘ಲಿಂಗ ಅಲ್ವೇನೋ ಇದು?’

‘ಅಲ್ಲಮ್ಮ, ದೇವಿ. ಕಲ್ಲನ್ನೇ ದೇವಿ ಅಂತ ಪೂಜೆ ಮಾಡ್ತಿದ್ರು.’

ಅಮ್ಮನಿಗೆ ಆಶ್ಚರ್ಯವೇ ಆಗಲಿಲ್ಲ. ‘ನಮ್ಮ ಹಾಸನಾಂಬೆ ಹುತ್ತದ ರೂಪದಲ್ಲಿ ಇಲ್ವಾ? ಅವಳ ಬಾಗಿಲು ವರ್ಷಕ್ಕೊಂದು ಸಲ ತೆಗೀತಾರೆ. ಇವಳದ್ದು ಯಾವಾಗಲೂ ತೆಗೆದೇ ಇದೆ ನೋಡು’ ಅಂದು, ನಾಣ್ಯವನ್ನು ಕಣ್ಣಿಗೊತ್ತಿಕೊಂಡು ಕೊಟ್ಟರು.