ಲಕ್ಷದ್ವೀಪದಲ್ಲಿ ಯಾವ ಕೆಲಸಕ್ಕೆ ಯಾರ ಬಾಗಿಲು ತಟ್ಟಬೇಕು?

ಮಂಗಳೂರಿನ ಹಳೆ ಬಂದರಿನಲ್ಲಿ ನನ್ನದು ಮಂಜಿಗಳಿಗೆ, ಅಂದರೆ ಮರದ ಸರಕು ಹಡಗುಗಳಿಗೆ, ಸರಕು ಹೇರಿಸುವ ಕೆಲಸ. ಸಿಮೆಂಟ್, ಜಲ್ಲಿ, ಹಂಚು, ಅಕ್ಕಿ, ಈರುಳ್ಳಿ ಇಲ್ಲಿಂದ ಲಕ್ಷದ್ವೀಪಕ್ಕೆ ಹೋಗುತ್ತದೆ. ಅಲ್ಲಿ ವ್ಯಾಪಾರ ಮಾಡಬೇಕು ಅಂತ ದಕ್ಕೆಗೆ ಬರುವ ಹೊಸಬರು ಮೊದಲು ಕೇಳುವುದು, "ಅಲ್ಲಿ ಮುಖ್ಯಮಂತ್ರಿ ಯಾರು?" ಯಾರೂ ಇಲ್ಲ ಮಾರಾಯ್ರೆ. ವಿಧಾನಸಭೆಯೇ ಇಲ್ಲ. ಆಮೇಲೆ ಯಾರನ್ನು ಹಿಡಿಯಬೇಕು ಎಂದು ಗೊತ್ತಾಗದೆ ಅವರು ಅಲೆಯುತ್ತಾರೆ. ನಾನೂ ಅಲೆದಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಮೇಲಿನವರನ್ನು ತಿಳಿದುಕೊಳ್ಳಿ. ಇದು 1956ರ ನವೆಂಬರ್ 1ರಂದು ಆದ ಕೇಂದ್ರಾಡಳಿತ ಪ್ರದೇಶ. ಜನ ಇರುವ ದ್ವೀಪ ಹತ್ತು, ನೆಲ ಒಟ್ಟು 32 ಚದರ ಕಿಲೋಮೀಟರ್, 2011ರ ಜನಗಣತಿಯಲ್ಲಿ 64 ಸಾವಿರ ಚಿಲ್ಲರೆ ಜನ. ರಾಷ್ಟ್ರಪತಿ ನೇಮಿಸುವ ಅಡ್ಮಿನಿಸ್ಟ್ರೇಟರ್ ಇಲ್ಲಿನ ದೊಡ್ಡವರು. ಕವರಟ್ಟಿ ರಾಜಧಾನಿ. ಆದರೆ 1964ರ ತನಕ ಆಡಳಿತದ ಕಚೇರಿ ಇದ್ದದ್ದು ಕೋಳಿಕ್ಕೋಡಿನಲ್ಲಿ, ಅಂದರೆ ಸಮುದ್ರದ ಈಚೆ ದಡದಲ್ಲಿ! ಕಾನೂನು ಬೇಕಾದರೆ ಪಾರ್ಲಿಮೆಂಟು ಮಾಡಬೇಕು, ಇಲ್ಲವೇ ಸಂವಿಧಾನದ 240ನೇ ವಿಧಿಯಂತೆ ರಾಷ್ಟ್ರಪತಿ ಹೆಸರಿನಲ್ಲಿ ರೆಗ್ಯುಲೇಶನ್ ಬರಬೇಕು. ಜನ ಆರಿಸಿ ದಿಲ್ಲಿಗೆ ಕಳಿಸುವುದು ಒಬ್ಬರೇ ಎಂಪಿಯನ್ನು. 2021ರಲ್ಲಿ ಭೂಮಿ, ಅಭಿವೃದ್ಧಿಯ ಕರಡು ನಿಯಮಗಳು ಬಂದಾಗ ದ್ವೀಪದವರು ಅಷ್ಟೊಂದು ಗಲಾಟೆ ಮಾಡಿದ್ದು ಯಾಕೆ ಅಂತ ಇಷ್ಟು ಗೊತ್ತಾದರೆ ಅರ್ಥವಾಗುತ್ತದೆ. ಕರಡನ್ನು ಎದುರಿಟ್ಟು ಚರ್ಚೆ ಮಾಡಲು ಅವರ ಊರಿನಲ್ಲೊಂದು ಸಭೆಯೇ ಇಲ್ಲವಲ್ಲ.

ಇನ್ನು ದ್ವೀಪಕ್ಕೆ ಹೋಗಲು ಬೇಕಾದ ಪರ್ಮಿಟ್. ಭಾರತೀಯರಾದರೂ ಬೇಕೇ ಬೇಕು, 1967ರ ನಿಯಮ ಅದು. ಸರ್ಕಾರಿ ನೌಕರರಿಗೆ ವಿನಾಯಿತಿ ಉಂಟು, ನಮಗಿಲ್ಲ. ಮೊದಲು ನಿಮ್ಮ ಠಾಣೆಯಿಂದ ಪೊಲೀಸ್ ಕ್ಲಿಯರೆನ್ಸ್ ತೆಗೆದುಕೊಳ್ಳಿ. ಟೂರಿಸ್ಟ್ ಆಗಿ ಹೋಗದಿದ್ದರೆ ದ್ವೀಪದ ಒಬ್ಬರು ನಿಮ್ಮನ್ನು ಕರೆಸಿಕೊಳ್ಳುತ್ತಿದ್ದೇವೆ ಎಂದು ಒಪ್ಪಬೇಕು. ಅರ್ಜಿ ಆನ್‌ಲೈನ್. ಕೈಗೆ ಬಂದ ಮೇಲೆ ದ್ವೀಪದ ಹೆಸರನ್ನು ಎರಡು ಸಲ ಓದಿ. ನನ್ನ ಮೊದಲ ಪರ್ಮಿಟ್‌ನಲ್ಲಿ ಕವರಟ್ಟಿ ಮಾತ್ರ ಇತ್ತು, ದುಡ್ಡು ಬರಬೇಕಿದ್ದದ್ದು ಅಮಿನಿ ದ್ವೀಪದಿಂದ. ಕವರಟ್ಟಿಯಲ್ಲಿ ಮೂರು ದಿನ ಕೂತು, ಮೀನು ತಿಂದು, ಹೋದ ದಾರಿಯಲ್ಲೇ ಬಂದೆ.

ದ್ವೀಪಕ್ಕೆ ಇಳಿದ ಮೇಲೆ ನಿಮಗೆ ಇಬ್ಬರು ಮುಖ್ಯ. ಒಬ್ಬರು ಆಡಳಿತದ ಅಧಿಕಾರಿ. ಇಡೀ ಲಕ್ಷದ್ವೀಪಕ್ಕೆ ಒಂದೇ ಜಿಲ್ಲೆ, ಒಬ್ಬರೇ ಕಲೆಕ್ಟರ್. ಅವರ ಕೆಳಗೆ ಕೆಲವು ಕಡೆ ಡೆಪ್ಯುಟಿ ಕಲೆಕ್ಟರ್, ಕೆಲವು ಕಡೆ ಎಸ್‌ಡಿಒ ಇಲ್ಲವೇ ಬಿಡಿಒ. ಬೋರ್ಡ್ ನೋಡಿ ತಲೆ ಕೆಡಿಸಿಕೊಳ್ಳಬೇಡಿ, "ಇಲ್ಲಿ ಸಹಿ ಹಾಕುವವರು ಯಾರು" ಎಂದು ಕೇಳಿ. ಇನ್ನೊಬ್ಬರು ಪಂಚಾಯಿತಿಯವರು. 1994ರ ರೆಗ್ಯುಲೇಶನ್‌ನಿಂದ ದ್ವೀಪಕ್ಕೊಂದು ಪಂಚಾಯಿತಿ, ಎಲ್ಲದಕ್ಕೂ ಮೇಲೆ ಒಂದು ಜಿಲ್ಲಾ ಪಂಚಾಯಿತಿ ಬಂದವು. ಆದರೆ 2021ರಲ್ಲಿ ಶಿಕ್ಷಣ, ಆರೋಗ್ಯ, ಮೀನುಗಾರಿಕೆಯಂಥ ಇಲಾಖೆಗಳನ್ನು ಜಿಲ್ಲಾ ಪಂಚಾಯಿತಿ ಕೈಯಿಂದ ಅಡ್ಮಿನಿಸ್ಟ್ರೇಟರ್ ಹಿಂದಕ್ಕೆ ತೆಗೆದುಕೊಂಡರು. ಹಾಗಾಗಿ ಹಳೆ ಗುರುತಿನ ಸದಸ್ಯರೊಬ್ಬರನ್ನು ನಂಬಿ ಹೋಗಬೇಡಿ. ಈಗ ಚುನಾಯಿತ ಸದಸ್ಯರು ಇದ್ದಾರಾ, ಆ ಕೆಲಸ ಅವರ ಕೈಯಲ್ಲಿದೆಯಾ ಎಂದು ಮೊದಲು ವಿಚಾರಿಸಿ. ಕೋರ್ಟಿನ ವಿಷಯ ಬಂದರೆ ಜಿಲ್ಲಾ ನ್ಯಾಯಾಲಯ ಕವರಟ್ಟಿಯಲ್ಲಿ, ಹೈಕೋರ್ಟು ಕೇರಳದ್ದು.

ಮಿನಿಕಾಯ್ ದ್ವೀಪಕ್ಕೆ ಬೇರೆಯೇ ಲೆಕ್ಕ. ಅಲ್ಲಿ ಮಲಯಾಳ ಅಲ್ಲ, ಮಹಲ್ ಮಾತು. ಹನ್ನೊಂದು ಊರು, ಊರಿಗೊಬ್ಬ ಬೊಡುಕಾಕ, ಅಂದರೆ ಊರಿನ ಮುಖ್ಯಸ್ಥ. ಸರ್ಕಾರದ ಕಾಗದದಲ್ಲಿ ಅವರ ಹೆಸರು ಇರಲಿ ಬಿಡಲಿ, ಊರಿನ ಮಾತು ಅಲ್ಲಿ ನಡೆಯುತ್ತದೆ. ಸಲಾಂ ಹೇಳಿ ಹೋಗುವುದು ಒಳ್ಳೆಯದು.

ನನ್ನ ದುಡ್ಡು ಸಿಕ್ಕಿಹಾಕಿಕೊಂಡದ್ದು ಮಾತ್ರ ಯಾವ ಕಚೇರಿಯಲ್ಲೂ ಅಲ್ಲ, ಒಂದು ತೆಂಗಿನ ತೋಟದಲ್ಲಿ. ಎರಡನೇ ಸಲ ಸರಿಯಾದ ಪರ್ಮಿಟ್ ಹಿಡಿದು ಅಮಿನಿಗೆ ಹೋದೆ. ಗಿರಾಕಿ ಮನೆ ಕಟ್ಟಲು ನನ್ನಿಂದ ಸಿಮೆಂಟ್ ತರಿಸಿದ್ದರು. ನೋಡಿದರೆ ಗೋಡೆ ಎದೆಮಟ್ಟಕ್ಕೆ ನಿಂತಿದೆ. ನಾನು ಬ್ಯಾರಿಯಲ್ಲಿ ಕೇಳಿದೆ, ಅವರು ಅವರ ದ್ವೀಪದ ಮಲಯಾಳ ಜಸರಿಯಲ್ಲಿ ಹೇಳಿದರು, ಅರ್ಧಕ್ಕರ್ಧ ಅರ್ಥವಾಯಿತು. ತೋಟದಲ್ಲಿ ನಡೆಸಿಕೊಂಡು ಹೋಗಿ ತೋರಿಸಿದರು: "ಈ ಮರ ಶುಕ್ರವಾರದ್ದು. ಆ ಎರಡು ಸೋಮವಾರದ್ದು." ಮರಕ್ಕೆ ವಾರ ಎಂಥದ್ದು ಎಂದು ನಾನು ನಗಾಡಿದೆ. ಅವರು ನಗಲಿಲ್ಲ. ವೆಳ್ಳಿಯಾಳ್ಚ (ಶುಕ್ರವಾರ) ಸ್ವತ್ತು ಅಂದರೆ ತರವಾಡಿನದ್ದು, ಕೂಡುಕುಟುಂಬದ್ದು, ತಾಯಿಯ ಕಡೆಯಿಂದ ಇಳಿದು ಬರುವುದು, ನಮ್ಮ ಕರಾವಳಿಯ ಅಳಿಯಕಟ್ಟಿನ ಹಾಗೆ. ತಿಂಗಳಾಳ್ಚ (ಸೋಮವಾರ) ಸ್ವತ್ತು ಅಂದರೆ ಸ್ವಂತ ದುಡಿದದ್ದು. ಇವರು ಪಾಯ ಹಾಕಿದ್ದು ಶುಕ್ರವಾರದ ನೆಲದಲ್ಲಿ. ತರವಾಡಿನ ಒಬ್ಬ ದೊಡ್ಡಮ್ಮ ಒಪ್ಪಿರಲಿಲ್ಲ. ನನ್ನ ದುಡ್ಡು ಒಂದು ವರ್ಷ ಆ ಗೋಡೆಯೊಳಗೇ ಇತ್ತು. ಈಗ ಮನೆ ಕಟ್ಟಲು ಯಾರೇ ಸಾಲ ಕೇಳಲಿ, ನೆಲ ಯಾವ ವಾರದ್ದು ಎಂದು ಕೇಳಿಯೇ ಚೀಲ ಹೇರಿಸುವುದು. ನೀವೂ ಕೇಳಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಮಂಗಳೂರಿಗೂ ಅಮಿನಿಗೂ ಇರುವ ನಂಟು ಇಂದಿನದಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಈ ಐದು ದ್ವೀಪಗಳು ಟಿಪ್ಪುವಿನ ಕೈಯಲ್ಲಿದ್ದವು. 1799ರ ನಂತರ ಕಂಪನಿಗೆ ಹೋಗಿ, 1956ರ ತನಕ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿನವರು ಹುರಿಹಗ್ಗ ತಂದು ಇಲ್ಲಿ ಸರ್ಕಾರಕ್ಕೆ ಕೊಟ್ಟು ಅಕ್ಕಿ ಒಯ್ಯುತ್ತಿದ್ದರು. ಹಗ್ಗದ ವ್ಯಾಪಾರ ಪೂರ್ತಿ ಸರ್ಕಾರದ್ದೇ, ಬೇರೆಯವರಿಗೆ ಮಾರುವ ಹಾಗಿಲ್ಲ. ಆಗ ಅವರ ಕಲೆಕ್ಟರ್ ಕೂರುತ್ತಿದ್ದದ್ದು ನಮ್ಮೂರಿನಲ್ಲಿ.

ಕೊನೆಗೆ ಒಂದು ವಿಷಯ. ಯಾವ ಸಹಿ ಸಿಕ್ಕರೂ ಮೇ 15 ದಾಟಿದರೆ ಪ್ರಯೋಜನವಿಲ್ಲ. ಅಂದಿನಿಂದ ಸೆಪ್ಟೆಂಬರ್ 15ರವರೆಗೆ ಮಂಜಿಗಳು ಹೊರಡುವುದಿಲ್ಲ. ಏಪ್ರಿಲ್‌ನಲ್ಲಿ ಎಲ್ಲರಿಗೂ ಒಟ್ಟಿಗೇ ಗಡಿಬಿಡಿ, ದಕ್ಕೆಯಲ್ಲಿ ಜಾಗ ಸಿಗುವುದಿಲ್ಲ. ಮನೆಗೆ ಸಿಮೆಂಟ್ ಕಳಿಸುವುದಿದ್ದರೆ ಮಾರ್ಚ್ ಒಳಗೆ ನನ್ನ ಹತ್ತಿರ ಬನ್ನಿ.